ಕಾಲು ಅವಳದು, ಬಾಯಿ ನನ್ನದು

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಅದರ ಸದ್ದಿನೊಳಗೆ ಕೂಗಿ ಕೂಗಿ, ಎಲ್ಲಿ ಹೋದರೂ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಮಾತಾಡುವ ಚಾಳಿ ನನಗೆ. ಹೀಗಾಗಿ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗಲೆಲ್ಲ ಏನಾದರೊಂದು ನಗೆಪಾಟಲು ಆಗಿಯೇ ಆಗುತ್ತಿತ್ತು. ಅವಳ ಎಡಗಾಲಿನ ಒಂದು ಬೆರಳು ಹೋದ ಮೇಲೆ ಅವನ್ನೆಲ್ಲ ನೆನೆದರೆ ನಗು ಬರುತ್ತದೆ, ಹಿಂದೆಯೇ ಸಂಕಟವೂ ಆಗುತ್ತದೆ.

ಥರ್ಮಾಮೀಟರು

ಅವಳಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ಹೊಸತು. ದಾವಣಗೆರೆಯ ನಮ್ಮ ಡಾಕ್ಟರು ಏನಾಗುತ್ತಿದೆ ಅಂತ ಅವಳನ್ನು ಕೇಳಿದರು. ಉತ್ತರ ನಾನು ಶುರು ಮಾಡಿದೆ. ಅವಳಿಗೆ ಸುಸ್ತು ಅಂತ ಹೇಳಲು ಹೋಗಿ, ಕುಕ್ಕುವಾಡದ ಅವಳ ತವರಿನವರು ಎಷ್ಟು ಸಿಹಿ ತಿನ್ನುತ್ತಾರೆ ಅನ್ನುವುದರಿಂದ ಹಿಡಿದು ಗಿರಣಿಯ ಬೆಲ್ಟು ಕಿತ್ತುಹೋದದ್ದರವರೆಗೆ ಬಂದೆ. ಡಾಕ್ಟರು ನನಗೆ ಬಾಯಿ ತೆಗೆಯಲು ಹೇಳಿ, ಥರ್ಮಾಮೀಟರನ್ನು ನನ್ನ ನಾಲಗೆ ಕೆಳಗೆ ಇಟ್ಟರು. ನನಗೇನೂ ಜ್ವರ ಇರಲಿಲ್ಲ. ಆಮೇಲೆ ಅವಳ ಕಡೆ ತಿರುಗಿ, "ಈಗ ನೀವು ಹೇಳ್ರಿ ಅಮ್ಮ" ಅಂದರು.

ಅವಳು ನನ್ನ ಮುಖ ನೋಡಿದಳು. "ಅವ್ರ ಬಾಯಾಗಿಂದು ತೆಗೀರಿ ಸಾರ್, ಆಮ್ಯಾಲೆ ಅವ್ರನ್ನೇ ಕೇಳ್ರಿ" ಅಂದಳು.

ಎರಡು ದೋಸೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಾನು ಎರಡನ್ನೂ ಬಲ್ಲೆ ಅಂದುಕೊಂಡಿದ್ದೆ. ರಕ್ತ ಪರೀಕ್ಷೆಯೂ ಶಾಲೆಯ ಪರೀಕ್ಷೆಯ ಹಾಗೆ ಪಾಸಾಗಬೇಕಾದದ್ದು ಅಂತ, ಅದಕ್ಕೆ ಮೂರು ದಿನ ಮೊದಲು ಅವಳಿಗೆ ಅನ್ನ ಬಂದ್, ಸಿಹಿ ಬಂದ್ ಮಾಡಿಸುತ್ತಿದ್ದೆ. ಬರೀ ರೊಟ್ಟಿ, ಸೊಪ್ಪಿನ ಪಲ್ಯ. ರಿಪೋರ್ಟು ಚೆನ್ನಾಗಿ ಬರುತ್ತಿತ್ತು. ವರ್ಷವಿಡೀ ಇದೇ ಪಥ್ಯ ಅಂತ ನಾನು ಹೇಳಿದ್ದನ್ನು ನಂಬಿ ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದರು. ಪಾಪ, ಅವರದೇನು ತಪ್ಪು.

ಆ ಖುಷಿಗೆ ಸೀದಾ ಬೆಣ್ಣೆ ದೋಸೆ ಹೋಟೆಲಿಗೆ ಹೋದೆವು. ಅವಳು ಎರಡನೇ ದೋಸೆ ಮುರಿಯುತ್ತಿದ್ದಾಗ ಅದೇ ಡಾಕ್ಟರು ಒಳಗೆ ಬರಬೇಕೇ? ನಾನು ಅವಳ ಪ್ಲೇಟನ್ನು ಸರಕ್ಕನೆ ನನ್ನ ಕಡೆ ಎಳೆದುಕೊಂಡು, "ಎರಡೂ ನನ್ನವೇ ಸಾರ್" ಅಂದೆ. ಡಾಕ್ಟರು ಹೌದಾ ಅಂತ ಅವಳನ್ನು ಕೇಳಿದರು. ಅಲ್ಲೂ ಅವಳು ಮಾತಾಡಲಿಲ್ಲ. ಬಾಯಿ ತುಂಬ ದೋಸೆ ಇತ್ತು.

ಹರಿಹರದಲ್ಲಿ

ಕಾಲಿನ ಗಾಯ ಮಾಯದೆ ಬೆರಳು ಕಪ್ಪಾದಾಗ, ಹರಿಹರದಲ್ಲಿರುವ ಅವಳ ಅಕ್ಕ ತಮಗೆ ಗೊತ್ತಿರುವ ಡಾಕ್ಟರ ಹತ್ತಿರ ಕಳಿಸಿದರು. ಆ ವಾರ ಹಿಟ್ಟಿನ ಧೂಳಿಗೆ ನನ್ನ ಗಂಟಲು ಪೂರ್ತಿ ಕಟ್ಟಿತ್ತು. ಗಿರಣಿಯಲ್ಲಿ ಎಲ್ಲ ಕೈಸನ್ನೆ. ಡಾಕ್ಟರು ಯಾವಾಗಿನಿಂದ ಅಂತ ಕೇಳಿದರು. ನಾನು ಬಾಯಿ ತೆರೆದೆ, ಬರೀ ಗಾಳಿ ಬಂತು.

ಡಾಕ್ಟರು ಕಾದರು. ಅವಳೂ ಸ್ವಲ್ಪ ಹೊತ್ತು ನನಗಾಗಿ ಕಾದಳು. ಆಮೇಲೆ ಮೆಲ್ಲಗೆ ಶುರು ಮಾಡಿದಳು. ಎರಡು ವರ್ಷದ ಹಿಂದೆ ಅಂಗಾಲು ಉರಿಯಲು ಶುರುವಾಗಿತ್ತಂತೆ. ಆಮೇಲೆ ಉರಿ ನಿಂತಿತಂತೆ, ವಾಸಿಯಾಯಿತು ಅಂದುಕೊಂಡಳಂತೆ. ಚಪ್ಪಲಿ ಜಾರಿದ್ದು ಗೊತ್ತಾಗದೆ ಒಂದು ದಿನ ಒಂಟಿ ಚಪ್ಪಲಿಯಲ್ಲೇ ಸಂತೆಯಿಂದ ಮನೆಗೆ ಬಂದಿದ್ದಳಂತೆ. ಆ ದಿನ ನನಗೆ ನೆನಪಿದೆ. ಬೀದಿಗೆಲ್ಲ ಹೇಳಿ ಅವಳನ್ನು ಆಡಿಕೊಂಡಿದ್ದೆ. ಉಳಿದದ್ದೆಲ್ಲ ನಾನು ಮೊದಲ ಸಲ ಕೇಳುತ್ತಿದ್ದೆ, ಬೇರೆ ಯಾರದೋ ಮನೆಯ ಸುದ್ದಿ ಕೇಳಿದ ಹಾಗೆ.

ಡಾಕ್ಟರು ಪೆನ್ನಿನ ತುದಿಯನ್ನು ಅವಳ ಅಂಗಾಲಿಗೆ ಒತ್ತಿದರು. ಅವಳಿಗೆ ತಿಳಿಯಲೇ ಇಲ್ಲ. ಬೆರಳು ಉಳಿಯುವುದು ಕಷ್ಟ ಅಂತ ಅವರ ಮುಖದಲ್ಲೇ ಗೊತ್ತಾಯಿತು.

"ಎರಡು ವರ್ಷದಿಂದ ದಾವಣಗೆರೆ ಡಾಕ್ಟರ ಹತ್ರ ಹೋಗ್ತಿದೀರಿ. ಒಂದ್ಸಲನಾದ್ರೂ ಯಾಕ ಹೇಳಲಿಲ್ಲಮ್ಮ?" ಅಂದರು.

ಅವಳ ದನಿಯಲ್ಲಿ ನನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. "ಹೇಳಾಣ ಅಂತನೇ ಕುಂತಿದ್ದೆ ಸಾರ್. ಇವ್ರ ಮಾತು ಇನ್ನಾ ಮುಗಿದಿರಲಿಲ್ಲ."