ಮಾರುವ ಮನೆಗೆ ಮಾವಿನ ತೋರಣ

ಮನೆ ಮಾರುವುದೆಂದರೆ ಏನು ಮಹಾ, ಬಣ್ಣ ಹೊಡೆದು ಬಾಗಿಲು ತೆರೆದಿಟ್ಟರೆ ಆಯಿತು ಎಂದುಕೊಂಡಿದ್ದೆ. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಖಂಡಗಳೇ ಜರುಗುತ್ತವೆ ಎಂದು ಮಕ್ಕಳಿಗೆ ಹೇಳುವವನಿಗೆ, ವಿದ್ಯಾರಣ್ಯಪುರಂನಿಂದ ರಾಮಕೃಷ್ಣನಗರಕ್ಕೆ ಒಂದು ಸಂಸಾರ ಜರುಗಿಸುವುದು ಯಾವ ದೊಡ್ಡ ವಿಷಯ!

ಜರುಗಲೇಬೇಕಾಗಿದ್ದುದು ನನ್ನ ಹೆಂಡತಿ ಸರೋಜಳ ಮಂಡಿಯ ದೆಸೆಯಿಂದ. ನಮ್ಮ ಮನೆ ರಸ್ತೆಯಿಂದ ಬಹಳ ಎತ್ತರದಲ್ಲಿದೆ. ಕೊತ್ತಂಬರಿ ಸೊಪ್ಪು ಕೊಳ್ಳುವುದಕ್ಕೂ ಕಡಿದಾದ ಮೆಟ್ಟಿಲು ಇಳಿದು ಹತ್ತಬೇಕು. ಅವಳು ಗೋಡೆಗೆ ಕೈಯೂರಿ, ನಡುವೆ ನಿಂತು, ಉಸ್ಸಪ್ಪಾ ಎಂದು ಹತ್ತುವುದನ್ನು ನೋಡಲಾರದೆ ನಾನು ಪೇಪರ್ ಅಡ್ಡ ಹಿಡಿಯುತ್ತಿದ್ದೆ. ರಾಮಕೃಷ್ಣನಗರದಲ್ಲಿ ಒಂದು ಪುಟ್ಟ ಮನೆ ನೋಡಿದ್ದೆವು. ಅದಕ್ಕೆ ಒಂದೇ ಮೆಟ್ಟಿಲು. ಸರೋಜ ಅದನ್ನು ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು, "ಇದು ಮನೆ ಕಣ್ರೀ" ಎಂದಿದ್ದಳು. ಆ ಮನೆಯ ಯಜಮಾನರದು ಒಂದೇ ಮಾತು: "ಆಷಾಢ ಹುಟ್ಟೋದ್ರೊಳಗೆ ನಿಮ್ಮನೆ ಮಾರ್ಕೊಂಡು ಬನ್ನಿ ಮೇಷ್ಟ್ರೇ. ಇಲ್ಲಾಂದ್ರೆ ನಮ್ಮ ಷಡ್ಡಕನಿಗೆ ಮಾತು ಕೊಟ್ಬಿಡ್ತೀನಿ."

ಬೇಸಿಗೆಯೆಲ್ಲಾ ಜನ ಬಂದರು. ಗೋಡೆ ತಟ್ಟಿದರು, ನಲ್ಲಿ ತಿರುಗಿಸಿದರು, ಕಾಫಿ ಕುಡಿದರು, "ಮನೇಲಿ ಕೇಳಿ ಹೇಳ್ತೀವಿ" ಎಂದು ಹೋದರು. ಯಾರ ಮನೆಯಲ್ಲೂ ಯಾರೂ ಕೇಳಿದ ಹಾಗೆ ಕಾಣಲಿಲ್ಲ. ಬಂದವರ ಮುಂದೆ ನಗುಮುಖ ಹೊತ್ತು ನಿಂತೂ ನಿಂತೂ ನಮ್ಮಿಬ್ಬರಿಗೂ ಸುಸ್ತಾಗಿತ್ತು.

ಕೊನೆಗೆ ಬ್ರೋಕರ್ ಶಿವಣ್ಣ ಕಾಯಿಲೆ ಕಂಡುಹಿಡಿದ. "ಸಾರ್, ನಿಮ್ಮನೆಗೆ ಕಳೆ ಇಲ್ಲ. ಮನೆ ಎಂಗಿರ್ಬೇಕು ಅಂದ್ರೆ ಬಾಗ್ಲಲ್ಲೇ ಲಕ್ಷ್ಮಿ ಕಾಣ್ಬೇಕು. ಭಾನುವಾರ ಮಹದೇವಪ್ಪೋರು ಬರ್ತಾರೆ. ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗ್ಡಿ. ಶಾಸ್ತ್ರ ಸಂಪ್ರದಾಯ ಜಾಸ್ತಿ. ಆಷಾಢಕ್ಕೆ ಮುಂಚೆ ಇನ್ನು ಅವ್ರೊಬ್ರೇ ಗಿರಾಕಿ."

ಕಳೆ ತಾನೇ? ತರಿಸಿದರಾಯಿತು ಎಂದು ನಾನೇ ಬ್ರಷ್ ಹಿಡಿದೆ. ಜಿಟಿಜಿಟಿ ಮಳೆಯಲ್ಲಿ ಬಣ್ಣ ಒಣಗುವ ಲಕ್ಷಣವೇ ಇರಲಿಲ್ಲ. ವಾರವಿಡೀ ಮನೆಯಲ್ಲಿ ಒಂದೇ ಸಂಭಾಷಣೆ.

"ಗೋಡೆ ಹಿಡೀಬೇಡ ಕಣೇ, ಹಸಿ ಇದೆ."

"ಮತ್ತೆ ಏನು ಹಿಡ್ಕೊಂಡು ಹತ್ತಲಿ?"

"ಸ್ವಲ್ಪ ದಿನ ಧೈರ್ಯ ಹಿಡ್ಕೋ."

ಅವಳು ನನ್ನನ್ನು ಒಂದು ನೋಟ ನೋಡಿ, ಸೆರಗು ಸುತ್ತಿಕೊಂಡು, ಏನನ್ನೂ ಹಿಡಿಯದೆ ಹತ್ತಿದಳು.

ಗೋಡೆ ಹೊಳೆಯತೊಡಗಿದ ಮೇಲೆ ಗೆದ್ದಲು ತಿಂದ ಬಾಗಿಲ ಚೌಕಟ್ಟು ಎದ್ದು ಕಂಡಿತು. ಅದನ್ನು ಮುಚ್ಚಲು ಮಾವಿನ ತೋರಣ ಕಟ್ಟಿದೆ. ಗೇಟಿನ ಕಂಬಗಳು ಬಿರುಕು ಬಿಟ್ಟಿದ್ದವು. ಅವುಗಳಿಗೆ ಒಂದೊಂದು ಬಾಳೆಕಂದು ಕಟ್ಟಿದೆ. ಗೇಟಿನ ಮುಂದೆ ಕಿತ್ತುಹೋದ ಸಿಮೆಂಟಿನ ಮೇಲೆ ದೊಡ್ಡ ರಂಗೋಲಿ ಬೇಕಾಯಿತು. ಸರೋಜಳಿಗೆ ಬಗ್ಗಲಾಗದು. ಮಳೆ ಬಿಟ್ಟಾಗ ಪಕ್ಕದ ಮನೆ ಜಯಮ್ಮನವರನ್ನು ಕರೆದೆ.

"ಏನು ಮೇಷ್ಟ್ರೇ ವಿಶೇಷ?" ಎಂದರು ಅವರು, ಚುಕ್ಕಿ ಇಡುತ್ತಾ.

ದೃಷ್ಟಿಯಾದೀತೆಂದು ಮನೆ ಮಾರುವ ಸುದ್ದಿಯನ್ನು ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ. "ಏನಿಲ್ಲಮ್ಮ, ಭಾನುವಾರ ಬೇಕಾದವರು ಬರ್ತಾರೆ" ಎಂದೆ. ಜಯಮ್ಮ ರಂಗೋಲಿ ನೋಡಿದರು, ಬಾಳೆಕಂದು ನೋಡಿದರು, ತೋರಣ ನೋಡಿದರು. "ಆಗ್ಲಿ ಬುಡಿ, ಹೇಳ್ದಿದ್ರೂ ನಾವೇನು ಹೊರಗಿನೋರಾ?" ಎಂದು ನಕ್ಕು ಹೋದರು.

ಭಾನುವಾರ ಬೆಳಿಗ್ಗೆಯೂ ಮನೆಯೊಳಗೆ ಬಣ್ಣದ ವಾಸನೆ ಮೂಗಿಗೆ ಅಡರುತ್ತಿತ್ತು. ಸಾಂಬ್ರಾಣಿ ಹಾಕಿದೆ. ಸಾಲಲಿಲ್ಲ. ಏಲಕ್ಕಿ ಹಾಕಿ ಹಾಲು ಕಾಯಿಸಿದರೆ ಘಮಘಮ ಎನ್ನುತ್ತದೆಂದು ದೊಡ್ಡ ಪಾತ್ರೆ ಒಲೆಗಿಟ್ಟು, ರೇಷ್ಮೆ ಪಂಚೆ ಉಡಲು ಹೋದೆ. ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆ, ಕಟ್ಟೆ, ನೆಲವನ್ನೆಲ್ಲ ಆಕ್ರಮಿಸಿಕೊಂಡಿತ್ತು!

ನಾನು ನೆಲ ಒರೆಸುತ್ತಿದ್ದಾಗ ಹೊರಗೆ ಗದ್ದಲ ಕೇಳಿಸಿತು. ಬೀದಿಗೆ ಬೀದಿಯೇ ಬಂದಿತ್ತು. ತೆಂಗಿನಕಾಯಿ, ರವಿಕೆ ಕಣ, ಸ್ಟೀಲ್ ಡಬ್ಬಿ. "ಮನೆ ಹೊಸದರ ಹಂಗೇ ಆಗಿದೆ ಮೇಷ್ಟ್ರೇ" ಎಂದು ಹೊಗಳಿ ಎಲ್ಲರೂ ಕುಳಿತೇಬಿಟ್ಟರು. ಜಯಮ್ಮ ಅಡುಗೆಮನೆಗೆ ಇಣುಕಿ, ಉಕ್ಕಿದ ಹಾಲು ನೋಡಿ ಕೈಮುಗಿದರು. ಉಳಿದವರು ಎಲೆ ಹಾಸುವುದನ್ನು ಕಾಯುವವರ ಹಾಗೆ ಕುಳಿತಿದ್ದರು. ಸರೋಜ ನನ್ನನ್ನು ಅಡುಗೆಮನೆಗೆ ಎಳೆದು, "ಇವರಿಗೆಲ್ಲಾ ಏನ್ರೀ ಬಡಿಸೋದು? ಉಕ್ಕಿದ ಹಾಲಾ?" ಎಂದಳು. ಹಿತ್ತಲ ಬಾಗಿಲಿನಿಂದ ನುಸುಳಿ, ರೇಷ್ಮೆ ಪಂಚೆಯಲ್ಲೇ ಹೋಟೆಲಿಗೆ ಓಡಿ ಉಪ್ಪಿಟ್ಟು, ಕೇಸರಿಬಾತು ಹೊತ್ತು ತಂದೆ. ಬಡಿಸಿದೆ. ಮಹದೇವಪ್ಪನವರು ಮಾತ್ರ ಎಷ್ಟು ಕಾದರೂ ಬರಲಿಲ್ಲ.

ಅಂದರೆ, ಬಂದಿರಲಿಲ್ಲ ಎಂದುಕೊಂಡಿದ್ದೆ. ಸಂಜೆ ಶಿವಣ್ಣ ಬಂದಾಗ ಅವನ ಮುಖ ನೋಡುವ ಹಾಗಿರಲಿಲ್ಲ.

"ಏನ್ ಸಾರ್ ಮಾಡ್ಬುಟ್ರಿ? ನೀವು ಹೋಟೆಲಿಗೆ ಹೋಗಿದ್ದಾಗ ಬಂದಿದ್ರಂತೆ. ಬಾಗಿಲ ತುಂಬಾ ಚಪ್ಲಿ. 'ಏನಮ್ಮಾ ವಿಶೇಷ' ಅಂದ್ರೆ ಪಕ್ಕದ್ಮನೆ ಯಮ್ಮ 'ಗೃಹಪ್ರವೇಶ ಕಣ್ರೀ, ಹಾಲೂ ಉಕ್ಕಿಸಾಯ್ತು, ಬನ್ನಿ' ಅಂತ ಕೈಗೆ ತಾಂಬೂಲ ಕೊಟ್ಟು ಕಳಿಸವ್ರೆ. ಬೇರೆಯೋರು ಹಾಲು ಉಕ್ಕಿಸಿದ ಮನೆ ಮೇಲೆ ಕಣ್ಣು ಹಾಕ್ಬಾರ್ದು ಅಂತ ಅವರು ಹಂಗೇ ಹೋಗಿ ಹಿಂದಿನ ಬೀದೀಲಿ ಮನೆ ಒಪ್ಕೊಂಡವ್ರೆ."

"ಹಿಂದಿನ ಬೀದಿಯಲ್ಲಿ ಯಾವ ಮನೆ?"

"ಅದೇ ಸಾರ್, ಗಾರೆ ಉದುರೋಗೈತಲ್ಲ, ಅದು."

ಶಿವಣ್ಣ ಹೋದ. ರಾಮಕೃಷ್ಣನಗರದ ಒಂದು ಮೆಟ್ಟಿಲಿನ ಮನೆ ಯಾರದೋ ಷಡ್ಡಕನ ಪಾಲಾಗಿತ್ತು. ಸರೋಜಳ ಮುಖ ನೋಡಲಾರದೆ ನಾನು ಮತ್ತೆ ಪೇಪರ್ ಅಡ್ಡ ಹಿಡಿದೆ. ಮನೆ ಮಾರಲು ಹೊರಟವನು ಇಪ್ಪತ್ತು ವರ್ಷದಿಂದ ಇದ್ದ ಮನೆಗೆ ಊರೆಲ್ಲ ಸಾಕ್ಷಿಯಾಗಿ ಮತ್ತೊಮ್ಮೆ ಪ್ರವೇಶ ಮಾಡಿದ್ದೆ.

ಸರೋಜ ಬಾಳೆಕಂದುಗಳನ್ನು ಬಿಚ್ಚಿ ಬೀದಿಯ ಹಸುವಿಗೆ ಹಾಕಲು ಕೆಳಗಿಳಿದಳು. ಹಿಂತಿರುಗಿ ಮೊದಲ ಮೆಟ್ಟಿಲ ಬಳಿ ನಿಂತು ಮೇಲೆ ನೋಡಿದಳು.

"ಗೃಹಪ್ರವೇಶದ ಮನೆಗೆ ಬಲಗಾಲಿಟ್ಟು ಬರ್ಬೇಕಂತಲ್ರೀ. ನೋಯೋದು ಅದೇ ಕಾಲು."

ನಾನು ಬಾಯಿ ತೆರೆಯುವ ಮೊದಲೇ ಅವಳು ಹೊಸ ಬಣ್ಣದ ಗೋಡೆಗೆ ಅಂಗೈ ಪೂರ್ತಿ ಊರಿ ಹತ್ತತೊಡಗಿದಳು. ಒಂದೊಂದು ಮೆಟ್ಟಿಲಿಗೂ ಐದೈದು ಬೆರಳು ಸ್ಪಷ್ಟವಾಗಿ ಮೂಡುತ್ತಾ ಬಂದವು. ಹಸಿ ಇದೆ ಎಂದು ನಾನು ಹೇಳಲಿಲ್ಲ.