ಗಿರಣಿ ಮೋಟರಿನ ದೋಷಾನ್ವೇಷಣ ಪರ್ವ

ಯಂತ್ರ ಮುನಿದಾಗಲೆಲ್ಲ ಮನುಷ್ಯರು ಒಬ್ಬರತ್ತ ಒಬ್ಬರು ಬೆರಳು ಚಾಚಿ, ಆ ಚಾಚಿದ ಬೆರಳನ್ನೇ ವಿದ್ಯೆಯೆಂದು ಕೊಂಡಾಡುತ್ತಿದ್ದ ಮಹಾಯುಗದಲ್ಲಿ, ಹೊಟ್ಟಿನ ಧೂಳೇ ಮೇಘಮಂಡಲವಾಗಿ ಕವಿದ ಗಂಗಾವತಿ ಸೀಮೆಯ ಒಂದು ಅಕ್ಕಿ ಗಿರಣಿಯಲ್ಲಿ ವಿರಾಜಿಸುತ್ತಿದ್ದವನು ಸ್ಪ್ಯಾನರ್‌ಪಾಣಿ, ಗ್ರೀಸ್‌ಲಿಪ್ತಬಾಹು, ಬೇರಿಂಗ್‌ಕುಲಮರ್ದನ ಫಿಟ್ಟರ್ ಗವಿಸಿದ್ದಪ್ಪ. ವಾಗ್ದೇವಿಯೇ, ಇದಕ್ಕಿಂತ ಘನವಾದ ಕೆಲಸ ನಿನಗಿಲ್ಲದಿದ್ದರೆ, ಅವನ ಕಥೆಯನ್ನು ಹೇಳಿಸು.

ಗಿರಣಿಯ ದೊಡ್ಡ ಮೋಟರು ದಿನಾ ಊಟದ ಹೊತ್ತಿಗಿಂತ ಮುಂಚೆ ಕಾದು ಕೆಂಡವಾಗಿ ನಿಂತುಬಿಡುತ್ತಿತ್ತು. ಕರೆಂಟಿನ ದೋಷವೆಂದು ಗವಿಸಿದ್ದಪ್ಪ ಗರ್ಜಿಸುವನು. ಅವನ ವೈರಿ, ಟೆಸ್ಟರ್‌ಧರ, ಫ್ಯೂಸ್‌ಪ್ರಾಣದಾತ ಎಲೆಕ್ಟ್ರಿಷಿಯನ್ ರಾಜೇಸಾಬ, ಅಲ್ಲ, ಯಂತ್ರದ ದೋಷವೆಂದು ಪ್ರತಿಗರ್ಜಿಸುವನು. ಒಬ್ಬ ಬೇರಿಂಗ್ ಬದಲಿಸಿದ, ಇನ್ನೊಬ್ಬ ವೈರು ಬದಲಿಸಿದ. ಮಾತನ್ನು ಮಾತ್ರ ಇಬ್ಬರೂ ಬದಲಿಸಲಿಲ್ಲ. ಮೋಟರು ಏಕೆ ನಿಂತಿತೆಂಬ ಕ್ಷುದ್ರ ಪ್ರಶ್ನೆಗೆ ವೀರರಿಗೆಲ್ಲಿಯ ಪುರುಸೊತ್ತು?

ಸಾವ್ಕಾರ ಪಂಪಣ್ಣ ಕಡೆಗೆ ರೇಗಿದ. “ನಾಳಿ ಇಬ್ರೂ ಮೋಟರ್ ಮುಂದನ ಕುಂದರ್ರಿ. ಯಾರ ಕಡಿಂದ ತಪ್ಪೈತಿ, ಅಂವ ಇನ್ನೊಬ್ಬನ ಕೈಕೆಳಗ ದುಡೀಬೇಕು.”

ಗವಿಸಿದ್ದಪ್ಪ ರಾಜೇಸಾಬನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದ. ಸ್ಕ್ರೂಡ್ರೈವರ್ ಹಿಡಿಯಲು ತಾನೇ ಕಲಿಸಿದವನ ಕೈಕೆಳಗೆ ದುಡಿಯುವುದೇ! ಆದರೂ ವೀರನು ಹಮಾಲರೆಲ್ಲ ಕೇಳುವಂತೆ ಪ್ರತಿಜ್ಞೆಗೈದ: “ಈ ಕೈ ಮುಟ್ಟಿದ ಮಷೀನು ನನ್ನ ತಪ್ಪಿನಿಂದ ನಿಂತ್ರ, ಈ ಮೀಸಿ ಬೋಳಿಸಿ ರಾಜ್ಯಾನ ಕೈಯಾಗ ಇಡ್ತೀನಿ!”

“ಅದನ್ ತಗೊಂಡು ನಾ ಏನ್ ಮಾಡ್ಲಿ ಮಾವಾ? ಧೂಳ್ ಹೊಡ್ಯಾಕ ನನ್ ಹಂತ್ಯಾಕ ಬ್ರಷ್ ಐತಿ,” ಎಂದ ರಾಜೇಸಾಬ.

ಮರುದಿನ ಯುದ್ಧಾರಂಭ. ಗವಿಸಿದ್ದಪ್ಪ ರೆಪ್ಪೆ ಮಿಟುಕಿಸದೆ ಕರೆಂಟಿನ ಬೋರ್ಡನ್ನು ದಿಟ್ಟಿಸಿದ. ರಾಜೇಸಾಬ ಬೆಲ್ಟನ್ನು ದಿಟ್ಟಿಸಿದ. ನಡುವೆ ಕುದಿಯುತ್ತಿದ್ದ ಮೋಟರನ್ನು ಯಾರೂ ನೋಡಲಿಲ್ಲ. ಅದು ಮುಲುಗಿತು, ಕನಲಿತು, ನಿಂತೇಬಿಟ್ಟಿತು. ಒಡನೆ ಗವಿಸಿದ್ದಪ್ಪ ಎಂದಿನಂತೆ ಅದರ ಬೆನ್ನ ಹಿಂದೆ ಕೈಯಾಡಿಸಿ, ಟವೆಲ್ಲೊಂದನ್ನು ಸೆಳೆದು ತಲೆಗೆ ಸುತ್ತಿ, “ನೋಡ್ರಿ, ಕರೆಂಟು!” ಎಂದು ಹೂಂಕರಿಸಿದ.

“ತಡಿ ಮಾವಾ. ಆ ಟವೆಲ್ ಎಲ್ಲಿಂದ ತಗದಿ?”

ಮೋಟರಿನ ಬೆನ್ನಿಗೊಂದು ಜಾಲರಿಯಿದೆ. ಒಳಗಿನ ಫ್ಯಾನು ತಣ್ಣನೆಯ ಗಾಳಿಯನ್ನು ಎಳೆದುಕೊಳ್ಳುವುದು ಅಲ್ಲಿಂದಲೇ. ಗವಿಸಿದ್ದಪ್ಪ ದಿನಾ ಬೆಳಿಗ್ಗೆ ಮುಖ ತೊಳೆದು ತೊಯ್ದ ಟವೆಲ್ಲನ್ನು ಅದರ ಮೇಲೆಯೇ ಹರವುತ್ತಿದ್ದ. ಗಾಳಿಯ ಸೆಳೆತಕ್ಕೆ ಅದು ಬಿಗಿಯಾಗಿ ಅಂಟಿಕೊಂಡು ಸೊಗಸಾಗಿ ಒಣಗುತ್ತಿತ್ತು. ಉಸಿರುಕಟ್ಟಿ ಮೋಟರು ಸತ್ತೊಡನೆ ಅದನ್ನು ತೆಗೆದು ರುಮಾಲಾಗಿ ಸುತ್ತಿಯೇ ಅವನು ತನಿಖೆಗೆ ಇಳಿಯುತ್ತಿದ್ದುದು. ಕೊಲೆಯ ಸಾಕ್ಷ್ಯ ಹೀಗೆ ತನಿಖಾಧಿಕಾರಿಯ ಶಿರದ ಮೇಲೆಯೇ ದಿನಾ ಮೆರೆಯುತ್ತಿತ್ತು.

ಸಾವ್ಕಾರ ಓಡಿಬಂದ. “ಮೆಕ್ಯಾನಿಕಲ್ಲೋ, ಎಲೆಕ್ಟ್ರಿಕಲ್ಲೋ?”

“ಎರಡೂ ಅಲ್ರೀ ಸಾವ್ಕಾರ್ರ,” ಎಂದ ರಾಜೇಸಾಬ. “ಬಟ್ಟಿ ಒಗ್ಯಾಣದ್ದು.”

ಹಮಾಲರು ಚೀಲ ಇಳಿಸಿ ನಕ್ಕರು. ಗವಿಸಿದ್ದಪ್ಪನ ಬತ್ತಳಿಕೆಯಲ್ಲಿ ಕಡೆಯದೊಂದು ಬಾಣವಿತ್ತು: “ಕರೆಂಟ್ ಬಂದದ್ದಕ್ಕ ಫ್ಯಾನ್ ತಿರಗೇತಿ. ಫ್ಯಾನ್ ತಿರಗಿದ್ದಕ್ಕ ಟವೆಲ್ ಅಂಟೇತಿ. ಅಂದಮ್ಯಾಲ ಇದು ಎಲೆಕ್ಟ್ರಿಕಲ್ ಅಲ್ಲೇನ್ರೀ?”

ಸಾವ್ಕಾರ ಗಿರಣಿಯ ಕೀಲಿಕೈ ಗೊಂಚಲನ್ನು ರಾಜೇಸಾಬನ ಕೈಗಿತ್ತು ನಡೆದ. ನೂತನ ದಂಡನಾಯಕನ ಪ್ರಥಮಾಜ್ಞೆ ಹೊರಟಿತು: “ಮಾವಾ, ಹಿತ್ತಲದಾಗ ಒಂದ್ ಹಗ್ಗ ಕಟ್ಟು.”

ಬೇರಿಂಗ್‌ಕುಲಮರ್ದನನು ಗೋಡೆಗೆ ಮೊಳೆ ಹೊಡೆದ, ಹಗ್ಗ ಬಿಗಿದ. ಅಷ್ಟರಲ್ಲಿ ರಾಜೇಸಾಬ ಬಂದು ತನ್ನ ಒದ್ದೆ ಬನಿಯನ್ನನ್ನು ಅವನ ಹೆಗಲಿಗೇರಿಸಿದ.

“ಸುಕ್ಕು ಬಿಡಿಸಿ ಹಾಕು ಮಾವಾ.”

ಗವಿಸಿದ್ದಪ್ಪ ಕೊಡವಿ, ಸುಕ್ಕು ಬಿಡಿಸಿ, ಹಾಕಿದ.