ಏಳು ಸೀಟಿನ ಯಜಮಾನರು

ಗಾಡಿ ಕೊಂಡರೆ ಟೇಪು ಹಿಡಿದು ಅಳೆದೇ ಕೊಳ್ಳಬೇಕು, ಮಂದಿ ಮಾತು ಕೇಳಿ ಕೊಳ್ಳಬಾರದು ಎಂದು ಬಂಡುರಾಯರು ಪ್ರತಿಜ್ಞೆ ಮಾಡಿದ್ದರು. ಪ್ರತಿಜ್ಞೆ ಮಾಡಿ ಬಾಯಿ ಮುಚ್ಚಿಕೊಂಡಿರುವ ಜಾಯಮಾನ ಅವರದಲ್ಲ. ಕಚೇರಿಯ ಹೆಡ್ ಕ್ಲರ್ಕ್ ಕುರ್ಚಿಯಿಂದ ಒಂದು ತಿಂಗಳು ಅದನ್ನು ದಿನವೂ ಘೋಷಿಸಿದರು.

ಅದು ೨೦೦೪ನೇ ಇಸವಿ. ಕಲಬುರಗಿಯ ಶೋರೂಮಿಗೆ ಆಗ ಒಂದೇ ಕಂಪನಿಯ ಎರಡು ಗಾಡಿಗಳು ಬಂದಿದ್ದವು. ಅತ್ತ ಕಾರೂ ಅಲ್ಲ, ಇತ್ತ ಜೀಪೂ ಅಲ್ಲ, ಎಸ್‌ಯುವಿ ಅಂತೆ. ಮೂತಿ ಒಂದೇ, ದೀಪ ಒಂದೇ, ಎಂಜಿನ್ನೂ ಒಂದೇ. ಒಂದಕ್ಕೆ ಐದು ಸೀಟು, ಇನ್ನೊಂದಕ್ಕೆ ಬೆನ್ನು ಒಂದೂವರೆ ಗೇಣು ಉದ್ದ, ಏಳು ಸೀಟು.

ಕಮಲಾಪುರದ ನರಸಿಂಹ, ಅಂದರೆ ಬಂಡುರಾಯರ ಹೆಂಡತಿಯ ತಂಗಿಯ ಗಂಡ, ಆಗಲೇ ಐದು ಸೀಟಿನದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ್ದ. ಸಡ್ಡಕರ ನಡುವಿನ ಪ್ರೀತಿ ಎಂಥದ್ದೆಂದು ಅಕ್ಕತಂಗಿಯರನ್ನು ಮದುವೆಯಾದವರಿಗೆಲ್ಲ ಗೊತ್ತು. ಅದೇ ಅಂಗಳದಲ್ಲಿ ತಮ್ಮ ಉದ್ದ ಗಾಡಿ ನಿಲ್ಲಬೇಕು, ಅದರಿಂದ ತಾವು ಇಳಿಯಬೇಕು, ನರಸಿಂಹ ನೋಡಬೇಕು. ಬಂಡುರಾಯರಿಗೆ ಜೀವನದಲ್ಲಿ ಬೇಕಾಗಿದ್ದದ್ದು ಇಷ್ಟೇ.

"ಮನ್ಯಾಗ ಎಷ್ಟ್ ಮಂದಿ ಇದ್ದೀರಿ ಸರ್?" ಎಂದು ಕೇಳಿದಳು ಶೋರೂಮಿನ ಗುಲ್ಶನ್.

"ಇಬ್ಬರು."

"ಹಂಗಾದ್ರ ಸಣ್ಣದೇ ಸಾಕಲ್ರಿ. ಗಲ್ಲಿಯೊಳಗ ತಿರುಗಸಲಿಕ್ಕೂ ಹಗೂರ."

"ಮಂದಿ ಎಣಸಬಾರದವ್ವಾ. ಮನಸು ಎಷ್ಟು ದೊಡ್ಡದದ, ಅದನ್ನ ನೋಡಬೇಕು."

ಮನಸ್ಸಿನ ಅಳತೆಯನ್ನು ಫಾರಂನಲ್ಲಿ ಎಲ್ಲಿ ಬರೆಯಬೇಕೆಂದು ತಿಳಿಯದೆ ಗುಲ್ಶನ್ ಏಳು ಸೀಟಿನ ಮುಂದೆ ಗುರುತು ಹಾಕಿದಳು.

"ಇಬ್ಬರಿಗೆ ಏಳು ಸೀಟು ಯಾಕ್ರಿ?" ಎಂದರು ಜೊತೆಗೆ ಬಂದಿದ್ದ ಹೆಂಡತಿ ಮುಕ್ತಾಬಾಯಿ. "ಒಬ್ಬೊಬ್ಬರು ಮೂರೂವರಿ ಸೀಟಿನ ಮ್ಯಾಲ ಮಲಗೂದೇನು?"

ಬಂಡುರಾಯರು ಮುಂಗಡ ಕಟ್ಟಿಯೇಬಿಟ್ಟರು. ಲೂನಾ ಬಿಟ್ಟು ಬೇರೇನೂ ಓಡಿಸಿ ಗೊತ್ತಿಲ್ಲದ ಕಾರಣ ಹುಸೇನ ಎಂಬ ಡ್ರೈವರನನ್ನು ಗೊತ್ತುಮಾಡಿದರು. ಗಾಡಿ ಬಂದ ವಾರದಲ್ಲೇ ನರಸಿಂಹನ ಮನೆಯಲ್ಲಿ ದೇವರ ಸಮಾರಾಧನೆ ಬಂತು. ರಾಯರು ಕಚೇರಿಗೆ ರಜೆ ಹಾಕಿ, ಹೊಸ ಸಫಾರಿ ಸೂಟಿಗೆ ಇಸ್ತ್ರಿ ಮಾಡಿಸಿದರು.

ಅಷ್ಟರಲ್ಲಿ ಪಕ್ಕದ ವಾಡೆಯಿಂದ ಅತ್ತೆ ಪಾರ್ವತೀಬಾಯಿ ಬಂದು ನಿಂತರು.

"ನಿಮ್ಮ ಗಾಡಿ ದೊಡ್ಡದದಂತಲ್ಲ, ಹೂರಣ ಇಲ್ಲೇ ಮಡೀಲೆ ಮಾಡಿ ತರ್ತೀನಿ. ಕಮಲಾಪುರದಾಗ ನಳದ ನೀರು ಮೂರು ದಿನಕ್ಕೊಮ್ಮಿ. ಅಲ್ಲಿ ಹೋಗಿ ಮಡಿ ಉಡೂದು ಆಗೂದಿಲ್ಲ."

ಮಡಿ ಉಟ್ಟವರನ್ನು ಉಡದವರು ಮುಟ್ಟುವ ಹಾಗಿಲ್ಲ, ಅಳಿಯನಾದರೂ ಅಷ್ಟೇ. ಉಣ್ಣೆಗೆ ಮೈಲಿಗೆ ತಟ್ಟದೆಂದು ನಡುವಿನ ಸಾಲಿಗೆ ಉಣ್ಣೆಯ ದಾಬಳಿ ಹಾಸಲಾಯಿತು. ಅಲ್ಲಿ ಪಾರ್ವತೀಬಾಯಿ, ಅವರ ಗೆಳತಿ ಸಕ್ಕೂಬಾಯಿ, ನಡುವೆ ಹೂರಣದ ಪಾತ್ರೆ. ಹಿಂದಿನ ಎರಡು ಸೀಟಿನಲ್ಲಿ ಒಂದು ದೇವರ ಪೆಟ್ಟಿಗೆಗೆ. ಮುಂದೆ ಹುಸೇನ, ಅವನ ಪಕ್ಕದ್ದು ಮುಕ್ತಾಬಾಯಿಗೆ.

"ಹಿಂದ ಒಂದು ಸೀಟು ಉಳದದಲ್ಲ," ಎಂದರು ಅತ್ತೆ. "ದೇವರ ಮಗ್ಗಲದ್ದು. ಮಡಿ ಉಟ್ಟು ಕೂಡ್ರಿ."

ರಾಯರು ಹೆಂಡತಿಯ ಕಡೆ ತಿರುಗಿದರು. "ನೀನೇ ಮಡಿ ಉಟ್ಟು ಹಿಂದ ಕೂಡು. ನಾ ಮುಂದ ಕೂಡ್ತೀನಿ."

"ಹಿಂದ ಕೂತ್ರ ನನಗ ವಾಂತಿ ಬರ್ತದ. ಹೂರಣದ ಮ್ಯಾಲ ಆದ್ರ ನಡೀತದೇನ್ರಿ?"

ಈ ವಾದ ಸುಪ್ರೀಂ ಕೋರ್ಟಿನಲ್ಲೂ ಗೆಲ್ಲುವಂಥದ್ದು. ಸಫಾರಿ ಚೀಲ ಸೇರಿತು. ಬಂಡುರಾಯರು ತಲೆಯ ಮೇಲೆ ಎರಡು ಕೊಡ ತಣ್ಣೀರು ಸುರಿದುಕೊಂಡು, ಒಂದೇ ಒಂದಿದ್ದ ಮಡಿ ಪಂಚೆ ಉಟ್ಟು, ಬರಿಮೈಯಲ್ಲಿ ಗಡಗಡ ನಡುಗುತ್ತ ಹೊರಗೆ ಬಂದರು. ಏನಾದರೂ ಆಗಲಿ, ಇಳಿಯುವುದು ಆ ಗಾಡಿಯಿಂದಲೇ ತಾನೆ ಎಂದು ಸಮಾಧಾನ ಮಾಡಿಕೊಂಡರು.

ಆಗಲೇ ಕಚೇರಿಗೆ ಹೊರಟಿದ್ದ ಸಹೋದ್ಯೋಗಿ ಕಲ್ಯಾಣಪ್ಪ ಸೈಕಲ್ ನಿಲ್ಲಿಸಿದ. ಅವನ ಊರು ಕಮಲಾಪುರ.

"ಇದು ನಿಮ್ಮ ಸಡ್ಡಕಂದೇ ಗಾಡಿ ಅಲ್ಲೇನ್ರಿ? ಇವತ್ತಿನ ಮಟ್ಟಿಗೆ ಕೇಳಿ ತಂದೀರೇನು?"

ಬಂಡುರಾಯರ ರಕ್ತ ಕುದಿಯಿತು. ನಡುಕ ನಿಂತೇ ಹೋಯಿತು.

"ನಿನಗ ಕಣ್ಣು ಅದಾವೋ ಇಲ್ಲೋ? ಬಾ ಇಲ್ಲಿ." ಕಲ್ಯಾಣಪ್ಪನ ರಟ್ಟೆ ಹಿಡಿದು ಗಾಡಿಯ ಹಿಂದಕ್ಕೆ ದರದರ ಎಳೆದೊಯ್ದರು. "ನೋಡು, ಇಲ್ಲಿಂದ ಇಲ್ಲಿತನಕ. ಒಂದೂವರಿ ಗೇಣು. ಇದು ಅವನ ಗಾಡಿಗೆ ಅದ ಏನು?"

ಕಿಟಕಿಯೊಳಗಿಂದ ಅತ್ತೆಯ ದನಿ ಬಂತು. "ಮಡಿ ಹೋತು."

"ಇನ್ನೊಮ್ಮೆ ಸ್ನಾನ ಮಾಡ್ತೀನಿ, ಐದೇ ಮಿನಿಟು."

"ಒಣ ಮಡಿ ಪಂಚಿ ಇನ್ನೊಂದು ಎಲ್ಲಿದ್ರಿ?" ಎಂದರು ಮುಕ್ತಾಬಾಯಿ. "ಒದ್ದಿ ಪಂಚಿ ಉಟ್ಟು ಹೊಸ ಸೀಟಿನ ಮ್ಯಾಲ ಕೂಡ್ತೀರೇನು?"

ಹೊಸ ಸೀಟನ್ನು ಒದ್ದೆ ಮಾಡಲು ರಾಯರಿಗೆ ಮನಸ್ಸು ಬರಲಿಲ್ಲ. ದನಿ ತಗ್ಗಿಸಿ, "ಹಂಗಾದ್ರ ನೀನು ಬಸ್ಸಿಗೆ ಬಾ," ಎಂದರು.

"ನನ್ನ ತಂಗಿ ಮುಂದ ನಾ ಬಸ್ಸಿನಿಂದ ಇಳೀಲೇನ್ರಿ?"

ಗಂಡನ ಆಸೆಯೇ ಹೆಂಡತಿಗೂ ಇರಬಹುದೆಂದು ಇಷ್ಟು ವರ್ಷ ರಾಯರಿಗೆ ಹೊಳೆದಿರಲಿಲ್ಲ.

"ಸಾಬ್, ಹತ್ತಕ್ಕ ಒಂದು ಬಸ್ ಅದ," ಎಂದ ಹುಸೇನ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ರಾಯರಿಗೆ ಅದೇ ಹೆಚ್ಚು ಚುಚ್ಚಿತು. ಆ ಗಾಡಿಯಲ್ಲಿ ಸೀಟು ಗಟ್ಟಿಯಾಗಿದ್ದದ್ದು ಅವನೊಬ್ಬನದೇ.

ಬಸ್ಸಿನಲ್ಲಿ ಕೂಡಲು ಜಾಗವಿರಲಿಲ್ಲ. ಸಫಾರಿ ತೊಟ್ಟ ಬಂಡುರಾಯರು ಕಂಬಿ ಹಿಡಿದು, ಯಾರದೋ ಮೆಣಸಿನಕಾಯಿ ಚೀಲಕ್ಕೆ ಒರಗಿ ನಿಂತರು. ಬಾಳೆ ಎಲೆ ಕೊಳ್ಳಲು ನಿಂತು ತಡವಾದ ಗಾಡಿ, ಕಪನೂರ ದಾಟಿದ ಮೇಲೆ ಬಸ್ಸನ್ನು ಹಿಂದೆ ಹಾಕಿ ಹೋಯಿತು. ಮುಕ್ತಾಬಾಯಿ ಕೈ ಬೀಸಿದರು. ಹಿಂದಿನ ಸೀಟಿನಲ್ಲಿ, ದೇವರ ಪೆಟ್ಟಿಗೆಯ ಪಕ್ಕ, ಬಂಡುರಾಯರ ಜಾಗದಲ್ಲಿ ಬಾಳೆ ಎಲೆಯ ಕಟ್ಟು ಕಾಲು ಚಾಚಿ ಮಲಗಿತ್ತು.

ಕಮಲಾಪುರದಲ್ಲಿ ಇಳಿದಾಗ ನರಸಿಂಹ ಐದು ಸೀಟಿನ ಗಾಡಿಯೊಂದಿಗೆ ಕಾಯುತ್ತಿದ್ದ. ರಾಯರು ಮುಖ ಬೇರೆ ಕಡೆ ಮಾಡಿದರು.

"ನೀವ್ಯಾಕ ಬಂದ್ರಿ? ನನ್ನ ಗಾಡಿ ಕಳಸಿದ್ರ ನಡೀತಿತ್ತು."

"ಅದನ್ನ ನಾಳಿತನಕ ಯಾರೂ ಮುಟ್ಟಂಗಿಲ್ಲರಿ," ಎಂದ ನರಸಿಂಹ ಬಾಗಿಲು ತೆರೆಯುತ್ತ. "ಅತ್ತಿ ಅದರ ಮ್ಯಾಲ ದಾಬಳಿ ಹಾಸಿ, ಅಲ್ಲಿಂದ ಹಿಂಡಿಕೊಂಡು ತಂದ ನಾಳಿನ ಮಡಿ ಸೀರಿ ಒಣಹಾಕ್ಯಾರ. ಹದಿನಾರು ಮೊಳದ ಸೀರಿ. ಮೊದಲು ನಮ್ಮದರ ಮ್ಯಾಲೇ ಹಾಕಿ ನೋಡಿದ್ರು, ಸೆರಗು ನೆಲಕ್ಕ ಹತ್ತಿತು. ನಿಮ್ಮದು ಉದ್ದ ಅಲ್ಲೇನ್ರಿ, ಬರೋಬ್ಬರಿ ಆತು."